ಸಣ್ಣ ಕ್ಲಿನಿಕ್ಕಿನಲ್ಲಿ ಎಐ: ಕಾನೂನು ಮೀರದೆ, ಪೇಷಂಟಿಗೆ ತೊಂದರೆಯಾಗದೆ ಬಳಸುವುದು ಹೇಗೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಅಣ್ಣನ ಕ್ಲಿನಿಕ್ ಇದೆ. ಅಣ್ಣ ಡಾಕ್ಟರು. ಲೆಕ್ಕ, ಕಂಪ್ಯೂಟರು, ಕೇಸ್ ಪೇಪರು ಎಲ್ಲ ನನ್ನ ತಲೆಗೆ. ಬೆಳಿಗ್ಗೆ ಎರಡು ಗಂಟೆ ಕೌಂಟರಿನಲ್ಲಿ ಕೂತರೆ ಮರಾಠಿ, ಹಿಂದಿ, ಗುಜರಾತಿ, ತುಳು, ಕನ್ನಡ ಎಲ್ಲ ಕಿವಿಗೆ ಬೀಳುತ್ತದೆ. ಕನ್ನಡದಲ್ಲೂ ಎರಡು ಬಗೆ. ಹೋಟೆಲಿನಲ್ಲಿ ಕೆಲಸ ಮಾಡುವ ಉಡುಪಿ ಕಡೆಯವರದು ಒಂದು. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದವರದು ಇನ್ನೊಂದು. ಇಂಥ ಕಡೆ ಎಐ ಭಾಷಾ ಉಪಕರಣ ಬೇಡ ಅನ್ನುವವರು ಯಾರು? ನಾವೂ ಬಳಸುತ್ತೇವೆ. ಆದರೆ ಶುರು ಮಾಡಿದ ರೀತಿ ತಪ್ಪಾಗಿತ್ತು. ಎರಡು ಸಲ ಎಡವಿದ ಮೇಲೆ ಕಟ್ಟಿಕೊಂಡ ಪದ್ಧತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಮಾಟುಂಗದ ದಂತ ಚಿಕಿತ್ಸಾಲಯ ಆಗಿರಲಿ, ಪುಣೆಯ ಫಿಸಿಯೋಥೆರಪಿ ಕೇಂದ್ರ ಆಗಿರಲಿ, ಹೆಚ್ಚು ಕಡಿಮೆ ಇದೇ ದಾರಿ.

ಮೊದಲ ಹೆಜ್ಜೆ: ಈಗಾಗಲೇ ಏನು ನಡೆದಿದೆ ನೋಡಿ

"ನಮ್ಮಲ್ಲಿ ಎಐ ಬಳಸೋದಿಲ್ಲ" ಅಂತ ಹೇಳುವ ಮೊದಲು ಸಿಬ್ಬಂದಿಯನ್ನು ಕೇಳಿ. ಗದರಿಸಬೇಡಿ, ಚಹಾ ಕುಡಿಯುತ್ತಾ ಕೇಳಿ. ನಾನು ಕೇಳಿದಾಗ ನಮ್ಮ ಕೌಂಟರಿನ ಹುಡುಗ ತನ್ನ ಮೊಬೈಲ್ ತೆಗೆದು ತೋರಿಸಿದ. ಪೇಷಂಟುಗಳು ತಂದ ರಕ್ತ ಪರೀಕ್ಷೆಯ ರಿಪೋರ್ಟಿನ ಫೋಟೋ ತೆಗೆದು ಒಂದು ಉಚಿತ ಚಾಟ್‌ಬಾಟಿಗೆ ಹಾಕುತ್ತಿದ್ದ. ಅದು ಹೇಳಿದ್ದನ್ನು ಅವರಿಗೆ ಮರಾಠಿಯಲ್ಲಿ ಓದಿ ಹೇಳುತ್ತಿದ್ದ. ಸಹಾಯ ಮಾಡುವ ಮನಸ್ಸಿನಿಂದಲೇ. ಫೋಟೋದಲ್ಲಿ ಹೆಸರು, ವಯಸ್ಸು, ಫೋನ್ ನಂಬರ್, ಬಾರ್‌ಕೋಡ್ ಎಲ್ಲ ಇತ್ತು. ಅವನ ಸ್ವಂತ ಖಾತೆಯಲ್ಲಿ, ತಿಂಗಳುಗಟ್ಟಲೆ.

ಅವತ್ತು ನನಗೆ ಗೊತ್ತಾದದ್ದು ಇಷ್ಟು. ಬೋರ್ಡು ಹಾಕಿ "ಎಐ ನಿಷೇಧ" ಅಂದರೆ ಅದು ನಿಲ್ಲುವುದಿಲ್ಲ, ಜೇಬಿನೊಳಗೆ ಹೋಗುತ್ತದೆ. ಕ್ಲಿನಿಕ್ಕಿನ ಖಾತೆಯಲ್ಲಿ, ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ, ನೀವು ಒಪ್ಪಿದ ಒಂದು ಉಪಕರಣ ಕೊಡಿ. ಆಮೇಲೆ ಸ್ವಂತ ಮೊಬೈಲಿನದನ್ನು ಬಿಡಿಸಬಹುದು. ಮುಂದಿನ ಹೆಜ್ಜೆಗಳೆಲ್ಲ ನಿಂತಿರುವುದು ಇದರ ಮೇಲೆ.

ಎರಡನೇ ಹೆಜ್ಜೆ: ಕೆಲಸವನ್ನು ಮೂರು ರಾಶಿ ಮಾಡಿ

ಮೊದಲ ರಾಶಿಯಲ್ಲಿ ಪೇಷಂಟೇ ಇಲ್ಲ. ರಜೆಯ ಬೋರ್ಡು, ಡೆಂಗ್ಯೂ ಬಗ್ಗೆ ಒಂದು ಪುಟದ ತಿಳಿವಳಿಕೆ, ಸೊಸೈಟಿಗೆ ಬರೆಯುವ ಪತ್ರ, ಹೊಸ ಸಿಬ್ಬಂದಿಗೆ ಕಲಿಸುವ ಟಿಪ್ಪಣಿ. ಇದಕ್ಕೆ ಧಾರಾಳವಾಗಿ ಬಳಸಿ. ತಿಳಿವಳಿಕೆ ಪತ್ರವನ್ನು ಮಾತ್ರ ಡಾಕ್ಟರು ಒಮ್ಮೆ ಓದಲೇಬೇಕು.

ಎರಡನೆಯದರಲ್ಲಿ ಪೇಷಂಟ್ ಇದ್ದಾರೆ, ಆದರೆ ಗುರುತು ತೆಗೆಯಬಹುದು. ಔಷಧಿ ಸೂಚನೆಯ ಅನುವಾದ, ರೆಫರಲ್ ಪತ್ರದ ಕರಡು, ಉದ್ದನೆಯ ಡಿಸ್ಚಾರ್ಜ್ ಸಮ್ಮರಿಯನ್ನು ಚಿಕ್ಕದು ಮಾಡುವುದು.

ಮೂರನೆಯದು ಹೊರಗಿನ ಉಪಕರಣಕ್ಕೆ ಹೋಗಲೇಬಾರದು. ಎಚ್‌ಐವಿ ವಿಷಯ, ಮಾನಸಿಕ ಆರೋಗ್ಯದ ವಿಷಯ, ಗರ್ಭಪಾತದ ವಿಷಯ, ಮಕ್ಕಳ ಮೇಲಿನ ದೌರ್ಜನ್ಯದ ಅನುಮಾನ. ಇದು ನನ್ನ ಮಡಿವಂತಿಕೆ ಅಲ್ಲ. 2017ರ ಎಚ್‌ಐವಿ ಕಾಯ್ದೆಯಲ್ಲಿ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆಗೆ ಬೇರೆಯೇ ಕಲಮುಗಳಿವೆ. ಗರ್ಭಪಾತದ ಕಾಯ್ದೆಯಲ್ಲಿ ಹೆಂಗಸಿನ ಗುರುತು ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲಿದೆ. ನಾವು ಈ ಪೇಪರುಗಳ ಮೂಲೆಗೆ ಕೆಂಪು ಚುಕ್ಕೆ ಹಾಕುತ್ತೇವೆ. ಕೆಂಪು ಚುಕ್ಕೆ ಕಂಡರೆ ಕೈಯಲ್ಲೇ ಬರೆಯುವುದು.

ಮೂರನೇ ಹೆಜ್ಜೆ: ಯಾವ ಕಾನೂನು, ಎಷ್ಟು ಮಟ್ಟಿಗೆ

ಇದನ್ನು ಬೇಗ ಮುಗಿಸೋಣ ಅಂತಿದ್ದೆ, ಆದರೆ ಜನ ಎಡವುವುದು ಇಲ್ಲೇ. "ನಾವು ಸಣ್ಣವರು, ನಮಗೆ ಯಾವ ಕಾಯ್ದೆ?" ಅನ್ನುತ್ತಾರೆ.

ಈಗ ಕೈಯಲ್ಲಿರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಮತ್ತು ಅದರ 2011ರ ನಿಯಮಗಳು. ವೈದ್ಯಕೀಯ ದಾಖಲೆ, ದೇಹದ ಮತ್ತು ಮನಸ್ಸಿನ ಆರೋಗ್ಯ ಸ್ಥಿತಿ ಎಲ್ಲವೂ ಅಲ್ಲಿ ಸೂಕ್ಷ್ಮ ಮಾಹಿತಿ. ಒಬ್ಬರೇ ನಡೆಸುವ ವ್ಯವಹಾರವೂ ಅದರ ಅಡಿಯಲ್ಲಿ ಬರುತ್ತದೆ. ಸಂಗ್ರಹಿಸುವ ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ಬೇಕು.

ಮುಂದೆ ಬರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಜವಾಬ್ದಾರಿಗಳಿಗೆ ಆಗ ಕೊಟ್ಟ ಗಡುವು 18 ತಿಂಗಳು, ಅಂದರೆ 2027ರ ಮೇ. ಕಾಯುತ್ತಾ ಕೂರಬೇಡಿ, ಪದ್ಧತಿ ಕೂಡಿಸಲು ಒಂದು ವರ್ಷವಾದರೂ ಬೇಕು. ಈ ಕಾಯ್ದೆಯಲ್ಲಿ ಕ್ಲಿನಿಕ್ಕಿಗೆ ಮುಖ್ಯವಾದ ಮಾತು ಒಂದಿದೆ. ಪೇಷಂಟಿನ ಮಾಹಿತಿಯನ್ನು ನೀವು ಬೇರೆ ಕಂಪನಿಯ ಕೈಗೆ ಕೊಟ್ಟರೂ ಜವಾಬ್ದಾರಿ ನಿಮ್ಮದೇ. ಒಪ್ಪಂದ ಇಲ್ಲದೆ ಕೊಡುವ ಹಾಗೂ ಇಲ್ಲ. ಭದ್ರತೆಯಲ್ಲಿ ಲೋಪವಾದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಡೊಂಬಿವಲಿಯ ಕ್ಲಿನಿಕ್ಕಿಗೆ ಯಾರೂ ಅಷ್ಟು ಹಾಕಲಿಕ್ಕಿಲ್ಲ ಅನ್ನಿ. ಆದರೂ ಆ ಅಂಕೆ ಕೇಳಿದರೆ ಸಿಬ್ಬಂದಿ ಸಭೆಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಕಾಗದದ ಮೇಲಷ್ಟೇ ಇರುವ ಕೇಸ್ ಪೇಪರಿಗೆ ಈ ಹೊಸ ಕಾಯ್ದೆ ತಾಗುವುದಿಲ್ಲ. ಆದರೆ ಅದರ ಫೋಟೋ ತೆಗೆದ ಕ್ಷಣ ಅದು ಡಿಜಿಟಲ್ ಆಯಿತು.

ಇನ್ನು ಡಾಕ್ಟರ ಕೆಲಸದ ಬಗ್ಗೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ನೇರವಾಗಿ ಹೇಳುತ್ತದೆ: ಎಐ ವ್ಯವಸ್ಥೆ ಪೇಷಂಟಿಗೆ ಸಲಹೆ ಕೊಡುವ ಹಾಗಿಲ್ಲ, ಔಷಧಿ ಬರೆಯುವ ಹಾಗಿಲ್ಲ. ಡಾಕ್ಟರಿಗೆ ನೆರವಾಗಬಹುದು, ಆದರೆ ಕೊನೆಯ ಮಾತು ಮತ್ತು ಚೀಟಿ ನೋಂದಾಯಿತ ವೈದ್ಯರದೇ. ವಾಟ್ಸಾಪಿನಲ್ಲಿ ರಾತ್ರಿ ಹೊತ್ತು ತಾನೇ ಉತ್ತರ ಕೊಡುವ ಬಾಟ್ ಮಾರಲು ಬಂದವರಿಗೆ ನಾನು ಇದನ್ನೇ ಹೇಳಿ ಕಳಿಸಿದೆ. ಸಮಯ ಕೇಳುವುದು, ಸರದಿ ಕೊಡುವುದು, ದಾರಿ ಹೇಳುವುದು ಇಷ್ಟಕ್ಕೆ ಬಾಟ್ ಸಾಕು. "ಜ್ವರ 102 ಇದೆ, ಏನು ತಗೊಳ್ಳಲಿ?" ಅಂದರೆ ಅದು ಫೋನ್ ನಂಬರ್ ಕೊಟ್ಟು ಸುಮ್ಮನಾಗಬೇಕು. ಹೆರಿಗೆ ಕ್ಲಿನಿಕ್ ಆದರೆ ಇನ್ನೊಂದು ಎಚ್ಚರಿಕೆ. ಮಗುವಿನ ಲಿಂಗದ ಬಗ್ಗೆ ಯಾವ ಪ್ರಶ್ನೆಗೂ, ಸೋನೋಗ್ರಫಿ ರಿಪೋರ್ಟು ಹಾಕಿ ಕೇಳಿದರೂ, ಅದು ಊಹೆಯ ಉತ್ತರವನ್ನೂ ಕೊಡಬಾರದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದರಲ್ಲಿ ತಮಾಷೆ ಸಹಿಸುವುದಿಲ್ಲ.

ನಾಲ್ಕನೇ ಹೆಜ್ಜೆ: ಉಪಕರಣ ಆರಿಸುವಾಗ ಕೇಳಬೇಕಾದ್ದು

ಮಾರುವವರು ಆರೋಗ್ಯ ಮಾಹಿತಿಯ ಗೋಪ್ಯತೆಗಿರುವ ಅಮೆರಿಕದ ಹಿಪಾ ಕಾನೂನಿನ ಸ್ಟಿಕ್ಕರ್ ತೋರಿಸುತ್ತಾರೆ. ಅದು ಅಲ್ಲಿಯ ಕಾನೂನು. ಇದ್ದರೆ ಒಳ್ಳೆಯದು, ಆದರೆ ಇಲ್ಲಿ ಅದೊಂದೇ ಸಾಲದು. ನಾನು ಕೇಳುವುದು ಇವು: ನಾವು ಹಾಕಿದ್ದನ್ನು ನಿಮ್ಮ ಎಐ ಮಾದರಿಗೆ ಕಲಿಸಲು ಬಳಸುತ್ತೀರಾ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಅಳಿಸಿ ಅಂದರೆ ಅಳಿಸಿದ್ದಕ್ಕೆ ಪುರಾವೆ ಕೊಡುತ್ತೀರಾ? ಸರ್ವರ್ ಯಾವ ದೇಶದಲ್ಲಿದೆ? ಸೋರಿಕೆಯಾದರೆ ಎಷ್ಟು ಗಂಟೆಯೊಳಗೆ ನಮಗೆ ಹೇಳುತ್ತೀರಿ? ಉತ್ತರ ಬಾಯಿಮಾತಿನಲ್ಲಿ ಬೇಡ, ಒಪ್ಪಂದದ ಒಳಗೆ ಇರಲಿ. ಉಚಿತ ಖಾತೆಗಳಲ್ಲಿ ಮಾತುಕತೆಯನ್ನು ಕಲಿಕೆಗೆ ಬಳಸುವ ಸೆಟ್ಟಿಂಗ್ ಹಲವು ಸಲ ಮೊದಲೇ ಆನ್ ಆಗಿರುತ್ತದೆ. ಹಣ ಕೊಟ್ಟು ತಗೊಂಡ ವ್ಯವಹಾರ ಖಾತೆಯಲ್ಲೂ ಅದನ್ನು ನೀವೇ ತೆರೆದು ನೋಡಿ.

ಉಪಕರಣ ರೋಗ ಪತ್ತೆ ಮಾಡುತ್ತದೆ ಅಂತ ಹೇಳಿಕೊಂಡರೆ ಕಥೆ ಬೇರೆ. 2017ರ ವೈದ್ಯಕೀಯ ಸಾಧನ ನಿಯಮಗಳ ಲೆಕ್ಕದಲ್ಲಿ ಅಂಥ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನವೇ. ಲೈಸೆನ್ಸ್ ಕೇಳಿ. ಬರವಣಿಗೆ, ಅನುವಾದದ ಉಪಕರಣ ಬೇರೆ, ರೋಗ ಹೇಳುವ ಯಂತ್ರ ಬೇರೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರುವವರಿದ್ದಾರೆ.

ಕಂಪ್ಯೂಟರಿನ ಬಗ್ಗೆ ಸ್ವಲ್ಪ ತಿಳಿದವರು ಮನೆಯಲ್ಲಿದ್ದರೆ, ಹೊರಗೆ ಏನನ್ನೂ ಕಳಿಸದೆ ಕ್ಲಿನಿಕ್ಕಿನ ಯಂತ್ರದಲ್ಲೇ ಓಡುವ ಮುಕ್ತ ಮಾದರಿಗಳೂ ಇವೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಅನುವಾದ ಮಾದರಿಗಳು ಭಾರತದ 22 ಭಾಷೆಗಳನ್ನು ಮುಟ್ಟುತ್ತವೆ.

ಐದನೇ ಹೆಜ್ಜೆ: ಗುರುತು ತೆಗೆಯುವುದು

ಹೆಸರು ಅಳಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಇಲ್ಲ. ಫೋನ್ ನಂಬರ್, ವಿಳಾಸ, 12 ಅಂಕೆಯ ಆಧಾರ್, ಸರ್ಕಾರದ ಆರೋಗ್ಯ ಖಾತೆಯ 14 ಅಂಕೆಯ ಆಭಾ ಸಂಖ್ಯೆ, ಹುಟ್ಟಿದ ದಿನಾಂಕ, ವಿಮೆ ಪಾಲಿಸಿ ನಂಬರ್ ಎಲ್ಲ ಹೋಗಬೇಕು. ಲ್ಯಾಬ್ ರಿಪೋರ್ಟಿನ ಮೂಲೆಯ ಕ್ಯುಆರ್ ಕೋಡ್ ಬಹಳ ಜನ ಮರೆಯುತ್ತಾರೆ. ಎಷ್ಟೋ ಲ್ಯಾಬುಗಳಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಇಡೀ ರಿಪೋರ್ಟು ತೆರೆಯುತ್ತದೆ. ಎಕ್ಸ್‌ರೇ ಚಿತ್ರದ ಮೇಲೆ ಹೆಸರು ಅಚ್ಚಾಗಿರುತ್ತದೆ. ಕಡತದ ಒಳಗೂ ಕಾಣದ ಹಾಗೆ ಕೂತಿರುತ್ತದೆ.

ಇನ್ನೂ ಜಾಣತನ ಬೇಕಾದ್ದು ಸಂದರ್ಭದ ಗುರುತಿಗೆ. "ನಮ್ಮ ಬೀದಿಯ ಕನ್ನಡ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಡಗೈ ಇಲ್ಲದವರು" ಅಂತ ಬರೆದರೆ ಹೆಸರು ಯಾಕೆ ಬೇಕು? ಇಡೀ ಡೊಂಬಿವಲಿ ಪೂರ್ವಕ್ಕೆ ಗೊತ್ತಾಯಿತು ಅಲ್ವಾ. ಅದರ ಬದಲು "60 ದಾಟಿದ ಹೆಂಗಸು" ಅಂತ ಬರೆಯಿರಿ.

ನಮ್ಮ ಪದ್ಧತಿ ಸರಳ. ಫೋಟೋ ಹಾಕುವಂತಿಲ್ಲ. ಬೇಕಾದ ಸಾಲುಗಳನ್ನಷ್ಟೇ ಕೈಯಾರೆ ಟೈಪು ಮಾಡಬೇಕು. ಹೆಸರಿನ ಜಾಗದಲ್ಲಿ "ಪೇಷಂಟ್", ತಾರೀಕಿನ ಜಾಗದಲ್ಲಿ "ಮೊದಲ ದಿನ, ಮೂರನೇ ದಿನ". ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಟೈಪು ಮಾಡುವ ಬೇಸರಕ್ಕೇ ಅರ್ಧದಷ್ಟು ಅನಾವಶ್ಯಕ ಮಾಹಿತಿ ಹೊರಗೆ ಹೋಗುವುದು ತಪ್ಪಿತು.

ಆರನೇ ಹೆಜ್ಜೆ: ಒಪ್ಪಿಗೆ, ಅರ್ಥವಾಗುವ ಭಾಷೆಯಲ್ಲಿ

ಹೊಸ ಕಾಯ್ದೆಯ ಪ್ರಕಾರ, ಯಾವ ಮಾಹಿತಿ ಯಾಕೆ ತಗೊಳ್ಳುತ್ತೇವೆ ಅಂತ ತಿಳಿಸುವ ಸೂಚನಾ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಪೇಷಂಟಿಗೆ ಇರಬೇಕು. ಮರಾಠಿ, ಕನ್ನಡ, ಕೊಂಕಣಿ, ಗುಜರಾತಿ ಆ ಪಟ್ಟಿಯಲ್ಲಿವೆ. ತುಳು ಇಲ್ಲ. ನಮ್ಮ ಹೋಟೆಲಿನವರಿಗೆ ನಾನೇ ಬಾಯಲ್ಲಿ ಹೇಳುತ್ತೇನೆ.

ನಾವು ಗೋಡೆಗೆ ಹಚ್ಚಿದ, ಕೇಸ್ ಪೇಪರಿನ ಹಿಂದೆ ಅಚ್ಚು ಹಾಕಿಸಿದ ಮಾತು ಹೀಗಿದೆ: "ನಿಮ್ಮ ಔಷಧಿ ಸೂಚನೆಯನ್ನು ನಿಮ್ಮ ಭಾಷೆಗೆ ತರಲು ನಾವು ಕಂಪ್ಯೂಟರಿನ ಎಐ ಉಪಕರಣ ಬಳಸುತ್ತೇವೆ. ಅದಕ್ಕೆ ನಿಮ್ಮ ಹೆಸರು, ನಂಬರ್ ಕೊಡುವುದಿಲ್ಲ. ಅದು ಬರೆದದ್ದನ್ನು ನಮ್ಮವರು ಓದಿ ನೋಡಿಯೇ ನಿಮಗೆ ಕೊಡುತ್ತಾರೆ. ಬೇಡ ಅಂದರೆ ಹೇಳಿ. ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ. ಇವತ್ತು ಹೂಂ ಅಂದು ನಾಳೆ ಬೇಡ ಅಂದರೂ ಸರಿ." ಕೆಳಗೆ ಸಹಿ, ತಾರೀಕು. ಮಾತು ರೆಕಾರ್ಡ್ ಮಾಡುವುದಿದ್ದರೆ ಅದಕ್ಕೆ ಬೇರೆಯೇ ಒಪ್ಪಿಗೆ. 18 ತುಂಬದವರಾದರೆ ಅಪ್ಪ ಅಮ್ಮನ ಸಹಿ ಹಾಕಿಸಿಕೊಳ್ಳುತ್ತೇವೆ.

ಏಳನೇ ಹೆಜ್ಜೆ: ಅನುವಾದ, ನಿಜವಾದ ಅಪಾಯ ಇರುವುದು ಇಲ್ಲಿ

ಮಾಹಿತಿ ಸೋರಿದರೆ ಮಾನ ಹೋಗುತ್ತದೆ. ಅನುವಾದ ತಪ್ಪಿದರೆ ಜೀವವೇ ಹೋಗಬಹುದು. ಹಾಗಾಗಿ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಚೀಟಿಯ ಸಂಕ್ಷೇಪಗಳು. ಅಣ್ಣ ಒಮ್ಮೆ ಜ್ವರದ ಮಾತ್ರೆಯ ಮುಂದೆ "ಎಸ್‌ಓಎಸ್" ಅಂತ ಬರೆದಿದ್ದ. ಬೇಕೆನಿಸಿದಾಗ ಮಾತ್ರ ತಗೊಳ್ಳಿ ಅಂತ ಅರ್ಥ. ನಾವು ಆಗ ಬಳಸುತ್ತಿದ್ದ ಉಪಕರಣ ಅದನ್ನು "ತುರ್ತು ಪರಿಸ್ಥಿತಿಯಲ್ಲಿ ಮಾತ್ರ" ಅಂತ ಮಾಡಿತು. ಆ ಅಜ್ಜಿ ಮೂರು ದಿನ ಜ್ವರ ತಡೆದುಕೊಂಡು ಮಲಗಿದ್ದರು. "ತುರ್ತು ಅಂದ್ರೆ ಆಂಬುಲೆನ್ಸ್ ಬರೋ ಹೊತ್ತಿಗೆ ಅಂತ ತಿಳ್ಕೊಂಡೆ ಮಗಾ" ಅಂದರು. ತಪ್ಪು ಅಜ್ಜಿಯದಲ್ಲ. ಚೀಟಿಯ "ಓಡಿ" (OD) ಅಂದರೆ ನಮ್ಮಲ್ಲಿ ದಿನಕ್ಕೊಮ್ಮೆ. ಕಣ್ಣಿನ ಚೀಟಿಯಲ್ಲಿ ಅದೇ ಬಲಗಣ್ಣು. ಅದಕ್ಕೇ ಸಂಕ್ಷೇಪವನ್ನು ಯಾವತ್ತೂ ಹಾಗೇ ಹಾಕಬೇಡಿ. "1-0-1" ಅನ್ನುವುದನ್ನು "ಬೆಳಿಗ್ಗೆ ಒಂದು, ರಾತ್ರಿ ಒಂದು" ಅಂತ ಮೊದಲು ಪೂರ್ತಿ ಬಿಡಿಸಿ ಬರೆದು, ಆಮೇಲೆ ಅನುವಾದಕ್ಕೆ ಕೊಡಿ.

ಎರಡನೆಯದು ಅಳತೆ. ಥೈರಾಯ್ಡ್ ಮಾತ್ರೆ ಮೈಕ್ರೋಗ್ರಾಂನಲ್ಲಿ ಇರುತ್ತದೆ, ಮಿಲಿಗ್ರಾಂ ಅಂತಾದರೆ ಸಾವಿರ ಪಟ್ಟು ವ್ಯತ್ಯಾಸ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ. ಅದನ್ನು ದಿನಾ ತಗೊಂಡು ಜೀವ ಕಳೆದುಕೊಂಡವರು ಜಗತ್ತಿನಾದ್ಯಂತ ಇದ್ದಾರೆ. ವಾರದ ಔಷಧಿಗಳನ್ನು ನಾವು ಎಐಗೆ ಕೊಡುವುದೇ ಇಲ್ಲ. ವಾರದ ಹೆಸರು ಬರೆದು ಅಣ್ಣ ತಾನೇ ಹೇಳುತ್ತಾನೆ. ಮರಾಠಿಯ ದೀಡ್ ಒಂದೂವರೆ, ಅಡೀಚ್ ಎರಡೂವರೆ, ಪಾವಣೇದೋನ್ ಒಂದೂ ಮುಕ್ಕಾಲು. ಸಿರಪ್ ಕೊಡುವ ತಾಯಂದಿರು ಈ ಮಾತಲ್ಲೇ ಹೇಳುತ್ತಾರೆ. ಅನುವಾದವಾಗಿ ಬಂದ ಮೇಲೆ ಮೊದಲು ಅಂಕೆಗಳನ್ನು ಮಾತ್ರ ನೋಡಿ, ವಾಕ್ಯ ಆಮೇಲೆ ಓದಿ.

ಮೂರನೆಯದು ಕಾಲ. ಹಿಂದಿಯಲ್ಲಿ "ಕಲ್" ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. "ಕಲ್ ಸೇ" ಅಂದರೆ ವಾಂತಿ ನಿನ್ನೆಯಿಂದ, ಆದರೆ ಹೊಸ ಔಷಧಿ ನಾಳೆಯಿಂದ. ನಮ್ಮ ಪೇಷಂಟಿಗೆ ತಾರೀಕು ಹೇಳಿಯೇ ಬರೆದುಕೊಡುತ್ತೇವೆ.

ಇನ್ನು ನಮ್ಮ ಕನ್ನಡ. ಇದನ್ನು ನೋಡಿ ನಾನು ನಕ್ಕಿದ್ದೂ ಇದೆ, ಬೆವರಿದ್ದೂ ಇದೆ. "ಹೊಟ್ಟೆ ತೊಳೆಸುತ್ತೆ" ಅಂದರೆ ವಾಕರಿಕೆ, ಹೊಟ್ಟೆಯನ್ನು ಯಾರೂ ತೊಳೆಯುತ್ತಿಲ್ಲ. "ಹೊಟ್ಟೆ ಉರಿ" ಅಂದರೆ ಉಪಕರಣಕ್ಕೆ ಅಸೂಯೆ ಅಂತ ಕಂಡರೂ ಆಶ್ಚರ್ಯವಿಲ್ಲ. "ಹೊರಗಾಗಿದ್ದೇನೆ" ಅಂದ ಹೆಂಗಸು ಮುಟ್ಟಾಗಿದ್ದಾಳೆ, ಮನೆ ಬಿಟ್ಟು ಹೋಗಿಲ್ಲ. ವಿಜಯಪುರದವರು "ಹೊಟ್ಟಿ ಕಡೀತದ" ಅಂದರೆ ನುಲಿಯುವ ನೋವು, ಏನೂ ಕಚ್ಚಿಲ್ಲ. "ಮೈಯೆಲ್ಲ ತಿಂಡಿ" ಅಂದರೆ ತುರಿಕೆ, ಉಪ್ಪಿಟ್ಟಲ್ಲ. ಮುಂಬೈ ಕನ್ನಡಕ್ಕೆ ಇನ್ನೊಂದು ಸೊಗಸು. ಇಲ್ಲಿ ಹುಟ್ಟಿ ಬೆಳೆದ ಒಬ್ಬರು "ನಮ್ಮ ತಾಯಿಗೆ ಶುಗರ್ ಇದೆ" ಅಂದರು. ಅವರು ಹೇಳಿದ್ದು ಮರಾಠಿಯ ತಾಯಿ, ಅಂದರೆ ಅಕ್ಕ. ಕರಡಿನಲ್ಲಿ ಅಮ್ಮ ಅಂತ ಬಂತು. ಕುಟುಂಬದ ರೋಗ ಚರಿತ್ರೆಯೇ ಬದಲಾಯಿತು.

ಇದಕ್ಕೆ ಉಪಾಯ ಒಂದು ನೋಟ್‌ಬುಕ್. ಇಂಥ ಮಾತು ಸಿಕ್ಕಾಗಲೆಲ್ಲ ಪಕ್ಕದಲ್ಲಿ ಸರಿಯಾದ ಅರ್ಥ ಬರೆದಿಡಿ. ಉಪಕರಣಕ್ಕೆ ಕೆಲಸ ಕೊಡುವಾಗ ಈ ಪಟ್ಟಿಯನ್ನೂ ಜೊತೆಗೆ ಕೊಡಿ. ತುಳು ಬೇಕಾದರೆ ಗೂಗಲ್ ಟ್ರಾನ್ಸ್‌ಲೇಟ್ 2024ರಲ್ಲಿ ಅದನ್ನು ಸೇರಿಸಿದೆ, ಆದರೆ ಔಷಧಿ ವಿಷಯಕ್ಕೆ ನಾನು ಅದನ್ನು ನಂಬಿ ಕೂರುವುದಿಲ್ಲ. ಬೆಂಚಿನಲ್ಲಿ ತುಳು ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ ಅಂದುಕೊಂಡು, ಸರದಿ ಕಾಯುತ್ತಾ ಕೂತ ಜನರಿಂದ ಓದಿಸಲೂಬೇಡಿ, ಅದು ಇನ್ನೊಬ್ಬರ ಗುಟ್ಟು. ಸಿಬ್ಬಂದಿಯಲ್ಲೇ ಒಬ್ಬರು ಬೇಕು. ಕೊನೆಗೆ ಪೇಷಂಟಿಗೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋಗಿ ಹೇಗೆ ತಗೋತೀರಿ, ಹೇಳಿ ನೋಡೋಣ" ಅನ್ನಿ.

ಎಂಟನೇ ಹೆಜ್ಜೆ: ಮಾತು ಕೇಳಿ ಬರೆದುಕೊಳ್ಳುವ ಉಪಕರಣ

ಡಾಕ್ಟರು ಮಾತಾಡುತ್ತಾರೆ, ಅದು ಟಿಪ್ಪಣಿ ಮಾಡುತ್ತದೆ. ಅಣ್ಣನಿಗೆ ಇದು ಬಹಳ ಇಷ್ಟ. ಆದರೆ ಒಂದು ಸಂಗತಿ ತಿಳಿದಿರಲಿ. ವಿಸ್ಪರ್ ಅನ್ನುವ ಜನಪ್ರಿಯ ಮಾದರಿಯನ್ನು ಪರೀಕ್ಷಿಸಿದ 2024ರ ಅಧ್ಯಯನವೊಂದರಲ್ಲಿ, ಸುಮಾರು 100ಕ್ಕೆ 1 ಧ್ವನಿ ತುಣುಕಿನಲ್ಲಿ ಯಾರೂ ಆಡದ ಮಾತು ಸೇರಿಕೊಂಡಿತ್ತು. ತಡೆದು ತಡೆದು, ನಡುವೆ ನಿಲ್ಲಿಸಿ ಮಾತಾಡುವವರ ವಿಷಯದಲ್ಲಿ ಅದು ಜಾಸ್ತಿ. ನಮ್ಮ ವಯಸ್ಸಾದ ಪೇಷಂಟುಗಳು ಮಾತಾಡುವುದೇ ಹಾಗೆ. ಜೊತೆಗೆ ಕಿಟಕಿಯಾಚೆ ಲೋಕಲ್ ಟ್ರೇನಿನ ಹಾರ್ನು. ಆದ್ದರಿಂದ ಪೇಷಂಟ್ ಎದುರಿಗೆ ಇರುವಾಗಲೇ ಟಿಪ್ಪಣಿ ಓದಿ ತಿದ್ದಿ. ಸಂಜೆ ಓದುತ್ತೇನೆ ಅಂದರೆ 40ನೇ ಪೇಷಂಟಿನ ಹೊತ್ತಿಗೆ ಮೊದಲನೆಯವರು ಏನಂದರು ಅಂತ ಯಾರಿಗೆ ನೆನಪಿರುತ್ತದೆ? ತಿದ್ದಿ ಒಪ್ಪಿದ ಮೇಲೆ ಧ್ವನಿಯನ್ನು ಅಳಿಸಿಬಿಡಿ. ಟಿಪ್ಪಣಿಯ ಕೆಳಗೆ "ಎಐ ಕರಡು, ಡಾಕ್ಟರು ತಿದ್ದಿದ್ದು" ಅಂತ ಒಂದು ಸಾಲು ಇರಲಿ. ಪೇಷಂಟ್ ತಮ್ಮ ದಾಖಲೆ ಕೇಳಿದರೆ 2002ರ ವೈದ್ಯಕೀಯ ನಡವಳಿಕೆ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಆಗ ಕೈಗೆ ಸಿಗುವುದು ಇದೇ ಕಾಗದ.

ಜಾಹೀರಾತಿನ ಬಗ್ಗೆ ಎರಡೇ ಮಾತು. ಎಐಗೆ "ಕ್ಲಿನಿಕ್ ಬಗ್ಗೆ ಬರಿ" ಅಂದರೆ "ಮುಂಬೈಯ ನಂಬರ್ ಒನ್, ಖಚಿತ ಪರಿಹಾರ" ಅಂತ ಶುರು ಮಾಡುತ್ತದೆ. ಅದೇ 2002ರ ನಿಯಮ ಡಾಕ್ಟರು ಹೀಗೆ ಪೇಷಂಟುಗಳನ್ನು ಸೆಳೆಯುವುದನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ವಾಸಿ ಮಾಡುತ್ತೇವೆ ಅನ್ನುವ ಔಷಧಿ ಜಾಹೀರಾತಿಗೆ 1954ರಿಂದ ಬೇರೆಯೇ ಕಾಯ್ದೆ ಇದೆ.

ಒಂಬತ್ತನೇ ಹೆಜ್ಜೆ: ಎಡವಟ್ಟಾದ ದಿನ

ಆಗುತ್ತದೆ. ತಯಾರಿರಿ. ನಮ್ಮ ಕಪಾಟಿನ ಒಳಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ತಪ್ಪಾಗಿ ಗುರುತಿನ ಸಮೇತ ಮಾಹಿತಿ ಹೋದರೆ, ಖಾತೆ ಯಾರಾದರೂ ಕದ್ದರೆ, ಮೊದಲು ಪಾಸ್‌ವರ್ಡ್ ಬದಲು. ಪರದೆಯ ಫೋಟೋ, ಗಂಟೆ, ನಿಮಿಷ ಬರೆದಿಡಿ. ಏನನ್ನೂ ಗಾಬರಿಯಲ್ಲಿ ಅಳಿಸಬೇಡಿ, ಪುರಾವೆ ಹೋಗುತ್ತದೆ. ಕಂಪ್ಯೂಟರ್ ವ್ಯವಸ್ಥೆಗೆ ಯಾರಾದರೂ ನುಗ್ಗಿದ್ದರೆ 2022ರ ಏಪ್ರಿಲ್ ಆದೇಶದಂತೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ 6 ಗಂಟೆಯೊಳಗೆ ತಿಳಿಸಬೇಕು. ಹೊಸ ಕಾಯ್ದೆಯ ನಿಯಮಗಳು ಪೂರ್ತಿ ಜಾರಿಯಾದ ಮೇಲೆ ಪೇಷಂಟಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡ ಮಾಡದೆ ಹೇಳಬೇಕು, ಮಂಡಳಿಗೆ ವಿವರವಾದ ವರದಿ 72 ಗಂಟೆಯೊಳಗೆ. ನಾವು ಪೇಷಂಟಿಗೆ ಈಗಲೇ ಹೇಳುತ್ತೇವೆ. ಆ ಕೌಂಟರಿನ ಹುಡುಗನ ಫೋಟೋಗಳ ವಿಷಯವನ್ನು ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದೆ. ಇಬ್ಬರು ಬೈದರು. ಉಳಿದವರು "ಹೇಳಿದ್ದು ಒಳ್ಳೇದಾಯ್ತು ತಾಯಿ" ಅಂದರು. ಯಾವ ತಾಯಿ ಅಂತ ನಾನು ಕೇಳಲಿಲ್ಲ.

ಈಗ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಮೇಲೆ ಹತ್ತು ಕೇಸ್ ಪೇಪರು ಕಣ್ಣು ಮುಚ್ಚಿ ಎತ್ತುತ್ತೇವೆ. ಎಐ ಬರೆದದ್ದು, ನಾವು ತಿದ್ದಿದ್ದು, ಪೇಷಂಟ್ ಮಾಡಿದ್ದು ಮೂರನ್ನೂ ಹೋಲಿಸುತ್ತೇವೆ. ಹೊಸ ತಪ್ಪು ಸಿಕ್ಕರೆ ನೋಟ್‌ಬುಕ್ಕಿಗೆ. ಆಮೇಲೆ ಖಾತೆಯ ಪಟ್ಟಿ ತೆರೆದು, ಕೆಲಸ ಬಿಟ್ಟು ಹೋದವರ ಲಾಗಿನ್ ಇನ್ನೂ ಇದೆಯಾ ಅಂತ ನೋಡುತ್ತೇನೆ. ಕಳೆದ ಸಲ ಒಂದು ಇತ್ತು.